ಹೇಳದೇ ಉಳಿದ ಗೆಲುವು: ಸೈಕಲ್ ವೀರ ಜೀನೋ ಬಾರ್ತಾಲಿ



ಶಿರಹಟ್ಟಿಯಿಂದ ಲಕ್ಷ್ಮೇಶ್ವರದ ಕಡೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ನೀವು ಹೋಗಿದ್ದರೆ, ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡು ಸೈಕಲ್ ತುಳಿಯುವ ಮಕ್ಕಳನ್ನು ಕಂಡೇ ಇರುತ್ತೀರಿ. ನಿಮ್ಮಲ್ಲಿ ಹಲವರು ಹಾಗೆಯೇ ಶಾಲೆ ಕಲಿತವರು. ಸೀಟಿನ ಮೇಲೆ ಕುಳಿತರೆ ಕಾಲು ಎಟುಕದ ವಯಸ್ಸಿನಲ್ಲಿ, ಅಪ್ಪನ ದೊಡ್ಡ ಸೈಕಲ್ಲಿನ ನಡುವಿನ ದಂಡೆಯ ಅಡಿಯಿಂದ ಕಾಲು ತೂರಿಸಿ ತುಳಿದು, ಬಿದ್ದು, ಮೊಣಕಾಲು ಕೆತ್ತಿಸಿಕೊಂಡು ಕಲಿತವರು. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದಾಗ ಎಷ್ಟೋ ಮನೆಗಳಿಗೆ ಮೊದಲ ಸಲ ಸ್ವಂತ ವಾಹನವೊಂದು ಬಂದಿತು. ಇನ್ನು ನಮ್ಮ ಗದಗ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಹಳ್ಳಿಯ ಹುಡುಗ ಹುಡುಗಿಯರು ಸೈಕಲ್ ಪಂದ್ಯಗಳಲ್ಲಿ ರಾಜ್ಯಕ್ಕೂ ದೇಶಕ್ಕೂ ಪದಕ ತಂದಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ.

ಮಗ ಅಥವಾ ಮಗಳು ಪಂದ್ಯದಿಂದ ಮನೆಗೆ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ಎಷ್ಟನೆಯ ಸ್ಥಾನ ಬಂತು ಎಂದೇ ಅಲ್ಲವೇ? ತಪ್ಪೇನಿಲ್ಲ. ಓಡುವವನು ಗೆಲ್ಲಲೆಂದೇ ಓಡುತ್ತಾನೆ. ಸಂತ ಪೌಲರೂ ಓಟದ ಹೋಲಿಕೆಯನ್ನು ತಮ್ಮ ಪತ್ರಗಳಲ್ಲಿ ಬಳಸಿದ್ದಾರೆ. ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ. ದೇವರು ಕೊಟ್ಟ ಈ ಕಾಲುಗಳ ಬಲ ಯಾರಿಗಾಗಿ? ಈ ಪ್ರಶ್ನೆಗೆ ಬಾಯಿಂದ ಉತ್ತರ ಹೇಳದೆ ತಮ್ಮ ಬಾಳಿನಿಂದ ಉತ್ತರ ಕೊಟ್ಟ ಒಬ್ಬ ಸೈಕಲ್ ಓಟಗಾರರ ಕಥೆಯನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಅವರು ಇಟಲಿಯ ಜೀನೋ ಬಾರ್ತಾಲಿ. ಒಂದು ಕಾಲದಲ್ಲಿ ಅವರ ಹೆಸರು ತಿಳಿಯದ ಮನೆ ಇಟಲಿಯಲ್ಲಿರಲಿಲ್ಲ. ಆದರೆ ಅವರು ಮಾಡಿದ ಅತಿ ದೊಡ್ಡ ಕೆಲಸ ಬಹುಕಾಲ ಹೊರಜಗತ್ತಿಗೆ ತಿಳಿದಿರಲೇ ಇಲ್ಲ.

ಪಂಕ್ಚರ್ ಅಂಗಡಿಯ ಹುಡುಗ

ಜೀನೋ ಹುಟ್ಟಿದ್ದು 1914ರ ಜುಲೈ 18ರಂದು, ಫ್ಲಾರೆನ್ಸ್ ನಗರದ ಪಕ್ಕದ ಪೊಂತೆ ಆ ಏಮಾ ಎಂಬ ಚಿಕ್ಕ ಊರಿನಲ್ಲಿ. ತಂದೆ ತೊರೆಲ್ಲೋ ದಿನಗೂಲಿ ಮಾಡುತ್ತಿದ್ದವರು. ತಾಯಿ ಜೂಲಿಯಾ. ಇಬ್ಬರು ಅಕ್ಕಂದಿರು, ಒಬ್ಬ ತಮ್ಮ. ನಮ್ಮ ಕಡೆಯ ಕೂಲಿಕಾರರ ಮನೆಗೂ ಆ ಮನೆಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ದುಡಿದರೆ ಊಟ, ಇಲ್ಲದಿದ್ದರೆ ಸಾಲ.

ಹತ್ತು ವರ್ಷದವನಿದ್ದಾಗಲೇ ಹುಡುಗ ಕಥೋಲಿಕ ಯುವಜನರ ಸಂಘಟನೆಗೆ ಸೇರಿದ. ಓದಿನಲ್ಲಿ ಅಂಥ ಆಸಕ್ತಿಯಿರಲಿಲ್ಲ. ಫ್ಲಾರೆನ್ಸಿನ ಶಾಲೆಗೆ ಹೋಗಿ ಬರಲು ಹಳೆಯ ಸೈಕಲ್ಲೊಂದು ಸಿಕ್ಕಿತು. ಆ ಸೈಕಲ್ಲೇ ಅವನ ನಿಜವಾದ ಶಾಲೆಯಾಯಿತು. ಹದಿಮೂರರ ಆಸುಪಾಸಿನಲ್ಲಿ ಊರಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಚೈನು ಬಿಚ್ಚುವುದು, ಗಾಲಿಯ ಕಡ್ಡಿ ಬಿಗಿಯುವುದು, ಪಂಕ್ಚರ್ ಹಾಕುವುದು ಎಲ್ಲ ಕಲಿತ. ಅಂಗಡಿಯ ಯಜಮಾನ ಓಸ್ಕರ್ ಕಸಮೊಂತಿ ಈ ಹುಡುಗನ ಜೊತೆ ಸೈಕಲ್ ತುಳಿದು ನೋಡಿ, ಗುಡ್ಡ ಏರುವಾಗ ಇವನು ಯಾರಿಗೂ ಸಿಕ್ಕುವವನಲ್ಲ ಎಂದು ಕಂಡುಕೊಂಡ. ಮಗನನ್ನು ಪಂದ್ಯಕ್ಕೆ ಬಿಡಲು ತಂದೆಗೆ ಮನಸ್ಸಿರಲಿಲ್ಲ. ಕೊನೆಗೆ ಯಜಮಾನನ ಒತ್ತಾಯಕ್ಕೆ ಒಪ್ಪಿದರು.

ಆ ತಂದೆಯಿಂದ ಮಗ ಕಲಿತ ಇನ್ನೊಂದು ಪಾಠವೂ ಇದೆ. ಆಗ ಇಟಲಿಯಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಆಳ್ವಿಕೆ. 1925ರ ಅಕ್ಟೋಬರಿನಲ್ಲಿ ಫ್ಲಾರೆನ್ಸಿನಲ್ಲಿ ಫ್ಯಾಸಿಸ್ಟ್ ಗುಂಪುಗಳು ತಮ್ಮ ವಿರೋಧಿಗಳ ಮೇಲೆ ರಾತ್ರಿ ಹೊತ್ತು ಎರಗಿದವು. ತೊರೆಲ್ಲೋ ಬಲ್ಲ ಸಮಾಜವಾದಿ ನಾಯಕ ಗಾಯೆತಾನೋ ಪಿಲಾತಿ ಕೊಲೆಯಾದರು. ಬಡವನು ನಾಲಿಗೆಯನ್ನು ಹದ್ದಿನಲ್ಲಿಡಬೇಕು, ಮನಸ್ಸಿನಲ್ಲಿದ್ದುದನ್ನೆಲ್ಲ ಬೀದಿಯಲ್ಲಿ ಹೇಳಬಾರದು ಎಂಬುದು ಆ ಮನೆಯ ರೂಢಿಯಾಯಿತು. ಹೆದರಿಕೆಯಿಂದ ಹುಟ್ಟಿದ ಆ ಮೌನವನ್ನು ಮಗ ಮುಂದೆ ಬೇರೆಯೇ ಕೆಲಸಕ್ಕೆ ಬಳಸಿಕೊಂಡ.

ಗೆಲುವಿನ ಬೆನ್ನಿಗೇ ಸಾವು

1935ರಲ್ಲಿ ಜೀನೋ ವೃತ್ತಿಪರ ಓಟಗಾರನಾದ. ಅದೇ ವರ್ಷ ಇಟಲಿಯ ಚಾಂಪಿಯನ್ ಆದ. ಮರುವರ್ಷ, ಇನ್ನೂ 22 ತುಂಬದ ವಯಸ್ಸಿನಲ್ಲಿ, ಇಟಲಿಯ ಉದ್ದಗಲ ವಾರಗಟ್ಟಲೆ ಸಾಗುವ ಜೀರೋ ದಿತಾಲಿಯಾ ಎಂಬ ಮಹಾಪಂದ್ಯವನ್ನು ಗೆದ್ದ. 1936ರ ಜೂನ್ ಮೊದಲ ವಾರದಲ್ಲಿ ಆ ಪಂದ್ಯ ಮುಗಿಯಿತು. ಕೂಲಿಕಾರನ ಮನೆಯ ಬಾಗಿಲಿಗೆ ಹಾರಗಳು ಬಂದವು.

ಒಂದೇ ವಾರ ಕಳೆದಿತ್ತು. ಜೀನೋನ ತಮ್ಮ ಜೂಲಿಯೋ, ಅಣ್ಣನಿಗಿಂತ ಎರಡು ವರ್ಷ ಚಿಕ್ಕವನು, ಅಣ್ಣನ ದಾರಿಯನ್ನೇ ಹಿಡಿದು ಪಂದ್ಯಗಳಲ್ಲಿ ಓಡುತ್ತಿದ್ದ. ಜೂನ್ 14ರ ಪಂದ್ಯದಲ್ಲಿ ಇಳಿಜಾರಿನಲ್ಲಿ ಬರುವಾಗ ಎದುರಿನಿಂದ ಬಂದ ಕಾರಿಗೆ ಡಿಕ್ಕಿಯಾಯಿತು. ಎರಡು ದಿನಗಳ ನಂತರ ಅವನು ತೀರಿಕೊಂಡ.

ಓದುಗರೇ, ಮನೆಯಲ್ಲಿ ಎಳೆಯ ಸಾವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತಾನು ಈ ಹುಚ್ಚು ಹಚ್ಚಿಸದಿದ್ದರೆ ತಮ್ಮ ಬದುಕಿರುತ್ತಿದ್ದ ಎಂಬ ಕೊರಗು ಅಣ್ಣನನ್ನು ಬಿಡಲಿಲ್ಲ. ಸೈಕಲ್ಲನ್ನು ಮೂಲೆಗಿಟ್ಟು ಓಟವನ್ನೇ ಬಿಟ್ಟುಬಿಡುವ ನಿರ್ಧಾರಕ್ಕೆ ಬಂದ. ಅವನನ್ನು ಮರಳಿ ರಸ್ತೆಗೆ ತಂದದ್ದು ಮನೆಯವರು, ಅವನು ಮದುವೆಯಾಗಲಿದ್ದ ಆದ್ರಿಯಾನಾ ಬಾನಿ ಎಂಬ ಹುಡುಗಿ, ಮತ್ತು ವಿಶ್ವಾಸ. ಮರಳಿ ಬಂದವನು ಹಳೆಯ ಜೀನೋ ಆಗಿರಲಿಲ್ಲ. 1937ರಲ್ಲಿ ಅವನು ಕಾರ್ಮೆಲ್ ಸಭೆಯ ಮೂರನೆಯ ವರ್ಗಕ್ಕೆ, ಅಂದರೆ ಸಂಸಾರದಲ್ಲಿದ್ದುಕೊಂಡೇ ಆ ಸಭೆಯ ನಿಯಮಗಳನ್ನು ಪಾಲಿಸುವ ಶ್ರೀಸಾಮಾನ್ಯರ ಬಳಗಕ್ಕೆ ಸೇರಿದ. ಬಾಲಯೇಸುವಿನ ಸಂತ ತೆರೇಸಾರ ಹೆಸರನ್ನು ತನ್ನ ಧಾರ್ಮಿಕ ಹೆಸರಿನಲ್ಲಿ ಸೇರಿಸಿಕೊಂಡ. ಪಂದ್ಯದ ದಿನಗಳಲ್ಲೂ ಬಲಿಪೂಜೆ ತಪ್ಪಿಸದ ಅವನನ್ನು ಪತ್ರಿಕೆಗಳು ಭಕ್ತ ಜೀನೋ ಎಂದು ಕರೆದವು. ಕೆಲವರು ಪ್ರೀತಿಯಿಂದ ಕರೆದರು, ಕೆಲವರು ಗೇಲಿಯಿಂದ.

ಭಕ್ತನೆಂದ ಮಾತ್ರಕ್ಕೆ ಸಾಧು ಸ್ವಭಾವದವನೆಂದು ತಿಳಿಯಬೇಡಿ. ಬಾರ್ತಾಲಿ ಮುಂಗೋಪಿ, ಹಟಮಾರಿ. ಎಲ್ಲವೂ ತಪ್ಪಾಗಿದೆ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು ಎಂದು ಗೊಣಗುವುದಕ್ಕೇ ಹೆಸರಾದವರು. ದೇವರ ಕೃಪೆ ನಮ್ಮ ಸ್ವಭಾವವನ್ನು ಅಳಿಸಿಹಾಕುವುದಿಲ್ಲ. ಅದನ್ನೇ ಹಿಡಿದು ಕೆಲಸ ಮಾಡಿಸುತ್ತದೆ ಎಂಬುದನ್ನು ಇಂಥವರಲ್ಲಿ ಕಾಣುತ್ತೇವೆ.

ಮುಚ್ಚಿದ ಕಿಟಕಿಗಳು

ಕ್ರೀಡೆಯ ಗೆಲುವನ್ನು ತನ್ನ ಗೆಲುವೆಂದು ತೋರಿಸಿಕೊಳ್ಳುವುದು ಸರ್ವಾಧಿಕಾರಿಗಳ ಹಳೆಯ ಚಾಳಿ. 1937ರಲ್ಲಿ ನ್ಯುಮೋನಿಯಾದಿಂದ ಎದ್ದು ಹೆಚ್ಚು ಕಾಲವಾಗದ ಬಾರ್ತಾಲಿಯವರನ್ನು ಫ್ರಾನ್ಸಿನ ತೂರ್ ದ ಫ್ರಾನ್ಸ್ ಪಂದ್ಯಕ್ಕೆ ಒತ್ತಾಯದಿಂದ ಕಳಿಸಲಾಯಿತು. ಮುಂಚೂಣಿಯಲ್ಲಿದ್ದಾಗ ಸೇತುವೆಯೊಂದರ ಮೇಲಿಂದ ತಣ್ಣೀರಿನ ಹಳ್ಳಕ್ಕೆ ಬಿದ್ದರು. ಕೆಲವು ದಿನಗಳಲ್ಲಿ ಪಂದ್ಯ ಬಿಡಬೇಕಾಯಿತು. 1938ರಲ್ಲಿ ತಮ್ಮ ಇಷ್ಟದ ಇಟಲಿಯ ಪಂದ್ಯವನ್ನು ಬಿಡಿಸಿ ಮತ್ತೆ ಫ್ರಾನ್ಸಿಗೆ ಕಳಿಸಿದರು. ಈ ಸಲ 18 ನಿಮಿಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ಅಂಥ ಹೊತ್ತಿನಲ್ಲಿ ಗೆದ್ದವನು ದೇಶದ ನಾಯಕನಿಗೆ ಗೆಲುವನ್ನು ಅರ್ಪಿಸಬೇಕೆಂಬುದು ವಾಡಿಕೆ. ಬಾರ್ತಾಲಿಯವರು ಆ ಹೆಸರೆತ್ತಲಿಲ್ಲ. ತಮಗೆ ಸಿಕ್ಕ ಹೂಗುಚ್ಛವನ್ನು ಪ್ಯಾರಿಸಿನ ವಿಜಯಮಾತೆಯ ದೇವಾಲಯಕ್ಕೆ ಒಯ್ದು ಮರಿಯಮ್ಮನವರ ಪಾದದಲ್ಲಿಟ್ಟರು.

ಅದೇ ವರ್ಷದ ಮೇ 9ರಂದು ಹಿಟ್ಲರ್ ಫ್ಲಾರೆನ್ಸಿಗೆ ಬಂದಿದ್ದ. ನಗರವೆಲ್ಲ ಬಾವುಟಗಳಿಂದ ಸಿಂಗಾರಗೊಂಡಿದ್ದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಏಲಿಯಾ ದಲ್ಲಾ ಕೊಸ್ತಾ ಅವರು ತಮ್ಮ ನಿವಾಸದ ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಒಂದು ಭಾಷಣವನ್ನೂ ಮಾಡಲಿಲ್ಲ. ಮುಚ್ಚಿದ ಕಿಟಕಿಗಳೇ ಮಾತಾಡಿದವು. ಇದೇ ಕಾರ್ಡಿನಲ್ ಅವರು 1940ರ ನವೆಂಬರ್ 14ರಂದು ಜೀನೋ ಮತ್ತು ಆದ್ರಿಯಾನಾರ ಮದುವೆಯನ್ನು ನೆರವೇರಿಸಿದರು. ಮರುವರ್ಷ ಅವರ ಮೊದಲ ಮಗ ಆಂದ್ರೇಯಾ ಹುಟ್ಟಿದ.

ಅಷ್ಟರಲ್ಲಿ ಯುದ್ಧ ಬಂದಿತ್ತು. 1940ರ ಜೀರೋ ಮುಗಿದ ಮರುದಿನವೇ, ಜೂನ್ 10ರಂದು, ಇಟಲಿ ಯುದ್ಧಕ್ಕಿಳಿಯಿತು. ಪಂದ್ಯಗಳು ಒಂದೊಂದಾಗಿ ನಿಂತವು. ಓಟಗಾರನೊಬ್ಬನ ಬಾಳಿನಲ್ಲಿ 26ರಿಂದ 31ರವರೆಗಿನ ವಯಸ್ಸು ಅತ್ಯಂತ ಬೆಲೆಯುಳ್ಳದ್ದು. ಬಾರ್ತಾಲಿಯವರ ಆ ವರ್ಷಗಳನ್ನು ಯುದ್ಧ ನುಂಗಿತು. ಹೊರಗಿನಿಂದ ನೋಡಿದವರಿಗೆ ಹಾಗೆ ಕಂಡಿತು.

ಕೊಳವೆಯೊಳಗಿನ ಕಾಗದ

1943ರ ಸೆಪ್ಟೆಂಬರ್ 8ರಂದು ಇಟಲಿ ಮಿತ್ರರಾಷ್ಟ್ರಗಳಿಗೆ ಶರಣಾದ ಸುದ್ದಿ ಹೊರಬಿತ್ತು. ಕೂಡಲೇ ಜರ್ಮನ್ ಸೈನ್ಯ ಮಧ್ಯ ಹಾಗೂ ಉತ್ತರ ಇಟಲಿಯನ್ನು ಹಿಡಿಯಿತು. ಯೆಹೂದ್ಯರ ಬೇಟೆ ಆರಂಭವಾಯಿತು. ಮನೆಮನೆ ಹುಡುಕಿ, ಗಂಡಸರು, ಹೆಂಗಸರು, ಹಸುಗೂಸುಗಳು ಎನ್ನದೆ ಹಿಡಿದು ರೈಲಿನ ಸಾಮಾನು ಡಬ್ಬಿಗಳಲ್ಲಿ ತುಂಬಿ ಸಾವಿನ ಶಿಬಿರಗಳಿಗೆ ಸಾಗಿಸಿದರು. ಫ್ಲಾರೆನ್ಸಿನಲ್ಲಿ ಕಾರ್ಡಿನಲ್ ದಲ್ಲಾ ಕೊಸ್ತಾ ಮತ್ತು ಯೆಹೂದ್ಯರ ಗುರು ನಾತಾನ್ ಕಸ್ಸೂತೋ ಕೈಜೋಡಿಸಿದರು. ಮಠಗಳು, ಕನ್ಯಾಮಠಗಳು, ಧರ್ಮಕೇಂದ್ರದ ಮನೆಗಳು ಅಡಗುತಾಣಗಳಾದವು. ಕಸ್ಸೂತೋ ಅವರು ಅದೇ ನವೆಂಬರಿನಲ್ಲಿ ಸೆರೆಸಿಕ್ಕರು, ಮರಳಿ ಬರಲಿಲ್ಲ.

ಅಡಗಿದವರಿಗೆ ಅನ್ನದಷ್ಟೇ ಅಗತ್ಯವಾದದ್ದು ಬೇರೆ ಹೆಸರಿನ ಗುರುತಿನ ಚೀಟಿ. ಅದನ್ನು ಸಿದ್ಧಪಡಿಸುತ್ತಿದ್ದುದು ದೂರದ ಅಸಿಸ್ಸಿಯಲ್ಲಿ, ನಮ್ಮೆಲ್ಲರ ಪ್ರೀತಿಯ ಸಂತ ಫ್ರಾನ್ಸಿಸರ ಊರಿನಲ್ಲಿ. ಅಲ್ಲಿನ ಧರ್ಮಾಧ್ಯಕ್ಷ ಜುಸೆಪ್ಪೆ ನಿಕೊಲೀನಿ ಅವರ ಆಶ್ರಯದಲ್ಲಿ, ಫ್ರಾನ್ಸಿಸ್ಕನ್ ಗುರು ರುಫೀನೋ ನಿಕಾಚ್ಚಿಯವರ ಓಡಾಟದಲ್ಲಿ, ನೂರಾರು ಯೆಹೂದ್ಯರು ಮಠಗಳ ಗೋಡೆಗಳ ಹಿಂದೆ ಉಳಿದಿದ್ದರು. ಊರಿನ ಮುದ್ರಣಾಲಯದ ಲುಯೀಜಿ ಬ್ರಿತ್ಸಿ ಮತ್ತು ಅವರ ಮಗ ತ್ರೆಂತೋ ಹಳೆಯ ಅಚ್ಚಿನ ಯಂತ್ರದಲ್ಲಿ ಚೀಟಿಗಳನ್ನು ಅಚ್ಚು ಹಾಕುತ್ತಿದ್ದರು. ಅವುಗಳ ಮೇಲೆ ಬರೆಯುತ್ತಿದ್ದ ಊರುಗಳ ಹೆಸರು ದಕ್ಷಿಣ ಇಟಲಿಯವು. ಏಕೆಂದರೆ ದಕ್ಷಿಣ ಆಗಲೇ ಮಿತ್ರಸೈನ್ಯದ ಕೈಯಲ್ಲಿತ್ತು. ಅಲ್ಲಿನ ಕಚೇರಿಗೆ ಕೇಳಿ ಪರೀಕ್ಷಿಸಲು ಜರ್ಮನರಿಗೆ ದಾರಿಯಿರಲಿಲ್ಲ.

ಆದರೆ ಫ್ಲಾರೆನ್ಸಿನಲ್ಲಿದ್ದವರ ಭಾವಚಿತ್ರಗಳು ಅಸಿಸ್ಸಿಗೆ ಹೋಗಬೇಕು. ಸಿದ್ಧವಾದ ಚೀಟಿಗಳು ಮರಳಿ ಬರಬೇಕು. ನಡುವೆ ಸುಮಾರು 180 ಕಿಲೋಮೀಟರ್ ರಸ್ತೆ, ಹೆಜ್ಜೆಹೆಜ್ಜೆಗೆ ಕಾವಲು ಚೌಕಿ. ಕಾರ್ಡಿನಲ್ ಅವರಿಗೆ ನೆನಪಾದದ್ದು ತಾವು ಮದುವೆ ಮಾಡಿಸಿದ ಹುಡುಗ. ಬಾರ್ತಾಲಿಯವರು ದೂರದೂರ ಸೈಕಲ್ ತುಳಿದರೆ ಯಾರೂ ಹುಬ್ಬೇರಿಸುವಂತಿರಲಿಲ್ಲ. ಯುದ್ಧ ಮುಗಿದ ಮೇಲಿನ ಪಂದ್ಯಗಳಿಗೆ ಅಭ್ಯಾಸ ಎಂದರೆ ಮುಗಿಯಿತು. ಸೀಟು ಕಳಚಿ, ಸೈಕಲ್ಲಿನ ಕೊಳವೆಗಳೊಳಗೆ ಭಾವಚಿತ್ರಗಳನ್ನೂ ಕಾಗದಗಳನ್ನೂ ಸುರುಳಿ ಸುತ್ತಿ ತುರುಕಿ, ಮತ್ತೆ ಸೀಟು ಬಿಗಿದು ಹೊರಟುಬಿಡುತ್ತಿದ್ದರು. ಬಾಲ್ಯದಲ್ಲಿ ರಿಪೇರಿ ಅಂಗಡಿಯಲ್ಲಿ ಕಲಿತ ಕೈಕೆಲಸ ಇಲ್ಲಿ ಉಪಯೋಗಕ್ಕೆ ಬಂತು. ಅವರ ಮಗ ಮುಂದೆ ತಿಳಿಸಿದಂತೆ, ಚೌಕಿಯಲ್ಲಿ ತಡೆದ ಸಿಪಾಯಿಗಳು ಹೆಸರಾಂತ ಓಟಗಾರನನ್ನು ಕಂಡು ಮಾತಿಗಿಳಿಯುತ್ತಿದ್ದರು. ಸೈಕಲ್ಲಿನ ಪ್ರತಿಯೊಂದು ಭಾಗವನ್ನೂ ಲೆಕ್ಕಹಾಕಿ ಜೋಡಿಸಿದೆ, ಮುಟ್ಟಬೇಡಿ ಎಂದು ಇವರು ಕೇಳಿಕೊಳ್ಳುತ್ತಿದ್ದರು.

ಇದರ ಜೊತೆಗೆ, ಗೋಲ್ಡನ್‌ಬರ್ಗ್ ಎಂಬ ಯೆಹೂದ್ಯ ಕುಟುಂಬಕ್ಕೆ ಫ್ಲಾರೆನ್ಸಿನಲ್ಲಿ ತಮ್ಮದೇ ಜಾಗದ ನೆಲಮಾಳಿಗೆಯಲ್ಲಿ ಆಶ್ರಯ ಕೊಟ್ಟರು. 1944ರ ಆಗಸ್ಟಿನಲ್ಲಿ ನಗರ ಬಿಡುಗಡೆಯಾಗುವವರೆಗೂ ಅವರು ಅಲ್ಲಿ ಉಳಿದರು. ಆಗ ಹನ್ನೆರಡರ ಆಸುಪಾಸಿನಲ್ಲಿದ್ದ ಆ ಮನೆಯ ಮಗ ಜೋರ್ಜೋ, ಎಷ್ಟೋ ವರ್ಷಗಳ ಮೇಲೆ ಇಳಿವಯಸ್ಸಿನಲ್ಲಿ ಇದನ್ನು ಹೊರಗೆಡವಿದರು. 1944ರ ಬೇಸಿಗೆಯಲ್ಲಿ ಬಾರ್ತಾಲಿಯವರ ಮೇಲೆ ಅನುಮಾನವೂ ಬಂತು. ಫ್ಯಾಸಿಸ್ಟ್ ಪೊಲೀಸರು ಜನರನ್ನು ಹಿಂಸಿಸುತ್ತಿದ್ದ, ಊರವರು ದುಃಖದ ಮನೆ ಎಂದು ಕರೆಯುತ್ತಿದ್ದ ಕಟ್ಟಡಕ್ಕೆ ಅವರನ್ನು ಒಯ್ದು ವಿಚಾರಣೆ ಮಾಡಿದರು. ಬಾಯಿ ಬಿಡಲಿಲ್ಲ. ಕೊನೆಗೆ ಬಿಟ್ಟುಕಳಿಸಿದರು.

ಇಲ್ಲಿ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಮನೆಯಲ್ಲಿ ಹೆಂಡತಿ, ಎರಡು ವರ್ಷದ ಕೂಸು. ಸಿಕ್ಕಿಬಿದ್ದರೆ ಇವರಿಗಷ್ಟೇ ಅಲ್ಲ, ಅವರಿಗೂ ಅಪಾಯ. ಹೆಂಡತಿಗೂ ವಿಷಯ ತಿಳಿಸಿರಲಿಲ್ಲ. ತಿಳಿಯದಿದ್ದರೆ ಅವಳನ್ನು ಹಿಡಿದು ಕೇಳಿದರೂ ಹೇಳಲು ಏನೂ ಇರುವುದಿಲ್ಲ ಎಂಬ ಲೆಕ್ಕ. ಮನೆಯ ಯಜಮಾನನಾದವನು ಹೀಗೆ ಮಾಡಬಹುದೇ? ತನ್ನ ಕೂಸಿನ ತಂದೆಯಾಗಿ ಉಳಿಯುವುದು ಮೊದಲ ಕರ್ತವ್ಯವಲ್ಲವೇ? ಸೆಮಿನರಿಯ ನೀತಿಶಾಸ್ತ್ರದ ತರಗತಿಗಳಲ್ಲಿ ಇಂಥ ಪ್ರಶ್ನೆಗಳನ್ನು ಎರಡೂ ಕಡೆಯಿಂದ ವಾದಿಸಬಹುದು. ಆದರೆ ಗೋಲ್ಡನ್‌ಬರ್ಗ್ ಮನೆಯಲ್ಲಿಯೂ ಮಕ್ಕಳಿದ್ದರು. ತನ್ನ ಮಗನ ಮುಖ ನೋಡಿದ ತಂದೆಗೆ ಬೇರೆಯವರ ಮಗನ ಮುಖವೂ ಕಾಣಿಸಿದರೆ ಅವನು ಏನು ಮಾಡಬೇಕು? ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಬಾರ್ತಾಲಿಯವರಿಗೂ ಸುಲಭವಾಗಿರಲಿಕ್ಕಿಲ್ಲ. ಅವರು ಸೈಕಲ್ ಹತ್ತಿದರು ಎಂಬುದಷ್ಟೇ ನಮಗೆ ಗೊತ್ತು.

ಹತ್ತು ವರ್ಷಗಳ ಮೇಲೆ

ಯುದ್ಧ ಮುಗಿಯಿತು. ಬಾರ್ತಾಲಿಯವರು ಮತ್ತೆ ಪಂದ್ಯಕ್ಕಿಳಿದು 1946ರಲ್ಲಿ ಮೂರನೆಯ ಸಲ ಜೀರೋ ಗೆದ್ದರು. 1947ರ ಸೆಪ್ಟೆಂಬರಿನಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ಸಂತ ಪೇತ್ರರ ಚೌಕದಲ್ಲಿ ಕಥೋಲಿಕ ಪುರುಷರ ಸಂಘಟನೆಯನ್ನು ಉದ್ದೇಶಿಸಿ ಮಾತನಾಡುವಾಗ ಇವರ ಹೆಸರೆತ್ತಿ, ವಿಶ್ವಾಸದ ಓಟಕ್ಕೆ ಇವರನ್ನು ಮಾದರಿಯಾಗಿ ತೋರಿಸಿದರು.

1948ರಲ್ಲಿ, 34ರ ಹೊಸ್ತಿಲಲ್ಲಿ, ಬಾರ್ತಾಲಿಯವರು ಮತ್ತೆ ತೂರ್ ದ ಫ್ರಾನ್ಸಿಗೆ ಹೋದರು. ಮೊದಲ ಗೆಲುವಿಗೆ ಹತ್ತು ವರ್ಷ ಕಳೆದಿತ್ತು. ಮುದುಕನೆಂದು ಪತ್ರಿಕೆಗಳು ನಕ್ಕವು. ಪಂದ್ಯ ಅರ್ಧಕ್ಕೆ ಬಂದಾಗ ಫ್ರಾನ್ಸಿನ ತರುಣ ಲುಯಿಸೋಂ ಬೊಬೆಗಿಂತ 21 ನಿಮಿಷಕ್ಕೂ ಹೆಚ್ಚು ಹಿಂದಿದ್ದರು. ಜುಲೈ 14, ಬಿಡುವಿನ ದಿನ. ಅಂದು ರೋಮ್ ನಗರದಲ್ಲಿ ಕಮ್ಯುನಿಸ್ಟ್ ನಾಯಕ ಪಾಲ್ಮೀರೋ ತೊಲ್ಯಾತ್ತಿಯವರ ಮೇಲೆ ಒಬ್ಬ ಯುವಕ ಗುಂಡು ಹಾರಿಸಿದ. ದೇಶದಾದ್ಯಂತ ಮುಷ್ಕರ, ಗಲಭೆ, ಸಾವುನೋವು. ಅಂತರ್ಯುದ್ಧವೇ ಬಂತೆಂದು ಜನ ನಡುಗಿದರು. ಆ ಸಂಜೆ ಪ್ರಧಾನಿ ಆಲ್ಚೀದೆ ದೆ ಗಾಸ್ಪೆರಿಯವರು ಫೋನ್ ಮಾಡಿ, ಗೆಲುವೊಂದು ಸಿಕ್ಕರೆ ದೇಶಕ್ಕೆ ಉಪಕಾರವಾದೀತು ಎಂದು ಕೇಳಿದರೆಂದು ಬಾರ್ತಾಲಿಯವರು ಮುಂದೆ ನೆನೆಸಿಕೊಂಡಿದ್ದಾರೆ.

ಮರುದಿನ ಆಲ್ಪ್ಸ್ ಪರ್ವತಗಳ ನಡುವೆ 274 ಕಿಲೋಮೀಟರ್ ಓಟ. ಮಳೆ, ಕೆಸರು, ಕೊರೆಯುವ ಚಳಿ. ಬಾರ್ತಾಲಿಯವರು ಇಸೋವಾರ್ ಎಂಬ ಭಾರಿ ಕಣಿವೆದಾರಿಯನ್ನು ಏರಿ, ಎಲ್ಲರನ್ನೂ ಹಿಂದಿಕ್ಕಿ ಗೆದ್ದರು. ಅದರ ಮರುದಿನವೂ ಗೆದ್ದು ಮುಂಚೂಣಿಯ ಹಳದಿ ಅಂಗಿ ತೊಟ್ಟರು. ಅದರ ಮುಂದಿನ ಹಂತವೂ ಅವರದೇ. ಕೊನೆಗೆ 26 ನಿಮಿಷಗಳ ಅಂತರದಲ್ಲಿ ಪಂದ್ಯವನ್ನೇ ಗೆದ್ದರು. ಈ ಗೆಲುವು ಇಟಲಿಯನ್ನು ಅಂತರ್ಯುದ್ಧದಿಂದ ಉಳಿಸಿತು ಎಂದು ಹೇಳುವವರಿದ್ದಾರೆ. ಅದು ಅತಿಯಾಯಿತು. ಆಸ್ಪತ್ರೆಯಲ್ಲಿದ್ದ ತೊಲ್ಯಾತ್ತಿಯವರೇ ತಮ್ಮವರಿಗೆ ಶಾಂತರಾಗಿರಲು ತಿಳಿಸಿದ್ದರು. ನಾಯಕರ ವಿವೇಕವೂ ಕೆಲಸ ಮಾಡಿತು. ಆದರೂ ಬೀದಿಗಳಲ್ಲಿ ಕೈ ಕೈ ಮಿಲಾಯಿಸಲು ನಿಂತವರು ರೇಡಿಯೋ ಸುತ್ತ ಒಟ್ಟುಗೂಡಿ ಒಂದೇ ಸುದ್ದಿಗೆ ಹಿಗ್ಗಿದ್ದು ಸುಳ್ಳಲ್ಲ.

ಎದುರಾಳಿಯೂ ಒಬ್ಬ ಸಹೋದರ

ಬಾರ್ತಾಲಿಯವರ ಕಥೆ ಹೇಳಿ ಫಾವುಸ್ತೋ ಕೊಪ್ಪಿಯವರ ಹೆಸರು ಬಿಟ್ಟರೆ ಕಥೆ ಅರ್ಧವೇ. ಐದು ವರ್ಷ ಚಿಕ್ಕವರಾದ ಕೊಪ್ಪಿ 1940ರಲ್ಲಿ ಇವರ ತಂಡಕ್ಕೇ ಸಹಾಯಕ ಓಟಗಾರನಾಗಿ ಬಂದರು. ಆ ವರ್ಷದ ಜೀರೋದಲ್ಲಿ ನಾಯಿಯೊಂದು ಅಡ್ಡಬಂದು ಬಾರ್ತಾಲಿಯವರು ಬಿದ್ದರು. ಮುಂದೆ ಹೋದ 20 ವರ್ಷದ ಹುಡುಗನಿಗೆ ಪರ್ವತಗಳಲ್ಲಿ ಇವರೇ ಹುರಿದುಂಬಿಸಿ ನೆರವಾದರು. ಕೊಪ್ಪಿ ಗೆದ್ದರು. ಗುರು ಶಿಷ್ಯನನ್ನು ಬೆಳೆಸಿದಂತಾಯಿತು; ಬೆಳೆದ ಶಿಷ್ಯ ಗುರುವನ್ನು ಮೀರಿದ. ಮುಂದಿನ ಹತ್ತು ವರ್ಷ ಇಡೀ ಇಟಲಿ ಎರಡು ಪಾಲಾಗಿ ಇವರಿಬ್ಬರ ಜಗಳವನ್ನು ತನ್ನ ಜಗಳವನ್ನಾಗಿ ಮಾಡಿಕೊಂಡಿತು. ಕೊಪ್ಪಿ ಏನೋ ಔಷಧಿ ಕುಡಿಯುತ್ತಾನೆಂಬ ಅನುಮಾನದಿಂದ, ಅವರು ಪಂದ್ಯದಲ್ಲಿ ಎಸೆದ ಸೀಸೆಯನ್ನು ಹುಡುಕಿ ತಂದು ಪರೀಕ್ಷೆ ಮಾಡಿಸಿದ ಸಂಗತಿಯನ್ನು ಬಾರ್ತಾಲಿಯವರೇ ಹೇಳಿಕೊಂಡಿದ್ದಾರೆ. ಅದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಟಾನಿಕ್ ಆಗಿತ್ತು!

ಆದರೆ 1949ರ ಜುಲೈ 18ರಂದು, ಬಾರ್ತಾಲಿಯವರ 35ನೆಯ ಹುಟ್ಟುಹಬ್ಬದ ದಿನ, ಅದೇ ಇಸೋವಾರ್ ದಾರಿಯಲ್ಲಿ ಇಬ್ಬರೂ ಜೊತೆಯಾಗಿ ಎಲ್ಲರಿಗಿಂತ ಮುಂದೆ ಬಂದಾಗ, ಕೊಪ್ಪಿಯವರು ಆ ದಿನದ ಗೆಲುವನ್ನು ಹಿರಿಯರಿಗೆ ಬಿಟ್ಟುಕೊಟ್ಟರು. 1951ರಲ್ಲಿ ಕೊಪ್ಪಿಯವರ ತಮ್ಮ ಸೆರ್ಸೆ ಪಂದ್ಯವೊಂದರಲ್ಲಿ ಬಿದ್ದು ತೀರಿಕೊಂಡರು. ತಮ್ಮನನ್ನು ಸೈಕಲ್ ಪಂದ್ಯಕ್ಕೆ ಕಳೆದುಕೊಂಡ ನೋವು ಏನೆಂದು ಆ ಹೊತ್ತು ಬಾರ್ತಾಲಿಯವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

1954ರಲ್ಲಿ, 40ರ ವಯಸ್ಸಿನಲ್ಲಿ, ಬಾರ್ತಾಲಿಯವರು ಓಟ ನಿಲ್ಲಿಸಿದರು. ಬಳಿಕ ಸಾನ್ ಪೆಲ್ಲೆಗ್ರೀನೋ ಎಂಬ ತಂಡದ ನಿರ್ದೇಶಕರಾಗಿ ತರುಣ ಓಟಗಾರರನ್ನು ನಡೆಸಿದರು. 1960ರ ಋತುವಿಗೆ ತಮ್ಮ ತಂಡಕ್ಕೆ ಬರಲು ಅವರು ಕರೆದದ್ದು ಯಾರನ್ನು ಗೊತ್ತೇ? ತಮ್ಮ ಹಳೆಯ ಎದುರಾಳಿ ಕೊಪ್ಪಿಯವರನ್ನು. ಕೊಪ್ಪಿ ಒಪ್ಪಿದ್ದರು. ಆದರೆ ಆಫ್ರಿಕಾ ಪ್ರವಾಸದಲ್ಲಿ ತಗುಲಿದ ಮಲೇರಿಯಾ ಗುರುತು ಸಿಗದೆ ಉಲ್ಬಣಿಸಿ, 1960ರ ಜನವರಿ 2ರಂದು, 40ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಉತ್ತರ ಇಟಲಿಯ ಬೆಟ್ಟವೊಂದರ ಮೇಲೆ ಗಿಸಾಲ್ಲೋ ಮಾತೆಯ ಪುಟ್ಟ ಗುಡಿಯಿದೆ. 1949ರಲ್ಲಿ ಜಗದ್ಗುರುಗಳು ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಸಾರಿದರು. ಅಲ್ಲಿಗೆ ಹೋದವರು ಗೋಡೆಯ ಮೇಲೆ ಈ ಇಬ್ಬರ ಸೈಕಲ್ಲುಗಳನ್ನೂ ನೋಡಬಹುದು.

ಎಡಗೈಗೆ ತಿಳಿಯದಂತೆ

ಬಾರ್ತಾಲಿಯವರು 2000ದ ಮೇ 5ರಂದು, 85ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಆಸೆಯಂತೆ ಕಾರ್ಮೆಲ್ ಸಭೆಯ ಉಡುಪು ತೊಡಿಸಿ, ಹುಟ್ಟೂರಿನಲ್ಲಿ, ತಮ್ಮ ಜೂಲಿಯೋ ಮಲಗಿರುವ ಮಣ್ಣಿನಲ್ಲೇ ಸಮಾಧಿ ಮಾಡಿದರು.

ಯುದ್ಧಕಾಲದ ಓಡಾಟದ ಬಗ್ಗೆ ಅವರು ಬದುಕಿದ್ದಾಗ ಬಹಿರಂಗವಾಗಿ ಹೇಳಿಕೊಳ್ಳಲಿಲ್ಲ. ಯಾರಾದರೂ ಕೆದಕಿದರೆ ಸಿಡುಕುತ್ತಿದ್ದರು. ಮಗ ಆಂದ್ರೇಯಾಗೆ ಅಷ್ಟಿಷ್ಟು ಹೇಳಿದರೂ, ಒಳಿತನ್ನು ಮಾಡಬೇಕೇ ಹೊರತು ಸಾರಬಾರದೆಂದು ಬಾಯಿ ಕಟ್ಟಿದ್ದರು. ನಿಜವಾದ ಕಷ್ಟಪಟ್ಟವರು, ಸತ್ತವರು ಬೇರೆಯವರು. ಅವರ ನೋವಿನಿಂದ ತಾನು ಹೆಸರು ಗಳಿಸಬಾರದೆಂಬುದು ಅವರ ನಿಲುವು. ಅವರ ಮರಣದ ಮೇಲೆ ಒಂದೊಂದೇ ಸಾಕ್ಷ್ಯ ಹೊರಬಂತು. 2005ರಲ್ಲಿ ಇಟಲಿಯ ರಾಷ್ಟ್ರಪತಿ ಮರಣೋತ್ತರವಾಗಿ ಚಿನ್ನದ ಪದಕ ಘೋಷಿಸಿದರು. 2012ರಲ್ಲಿ ಕಾರ್ಡಿನಲ್ ದಲ್ಲಾ ಕೊಸ್ತಾ ಅವರನ್ನೂ, 2013ರಲ್ಲಿ ಬಾರ್ತಾಲಿಯವರನ್ನೂ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ, ಯೆಹೂದ್ಯರನ್ನು ಉಳಿಸಿದ ಸಜ್ಜನರ ಸಾಲಿಗೆ ಸೇರಿಸಿತು.

ಮೌನಕ್ಕೆ ಒಂದು ಬೆಲೆಯಿದೆ, ಅದನ್ನೂ ಹೇಳಿಬಿಡಬೇಕು. ಬರೆದಿಡದ ಕೆಲಸಕ್ಕೆ ದಾಖಲೆ ಇರುವುದಿಲ್ಲ. ಅಸಿಸ್ಸಿಯ ಪ್ರಯಾಣಗಳ ಬಗ್ಗೆ ಸಿಗುವ ಆಧಾರ ಸಾಲದು ಎಂದು ಕೆಲವು ಇತಿಹಾಸಕಾರರು ಈಚಿನ ವರ್ಷಗಳಲ್ಲಿ ಪ್ರಶ್ನೆ ಎತ್ತಿದ್ದಾರೆ. 800 ಜನರನ್ನು ಉಳಿಸಿದರೆಂದು ಹಲವೆಡೆ ಬರೆದಿರುವ ಲೆಕ್ಕಕ್ಕೆ ಗಟ್ಟಿ ಬುಡವಿಲ್ಲ. ಸತ್ಯವನ್ನು ಪ್ರೀತಿಸುವವರು ಇಂಥ ಪ್ರಶ್ನೆಗಳಿಗೆ ಹೆದರಬೇಕಾಗಿಲ್ಲ. ನೆಲಮಾಳಿಗೆಯಲ್ಲಿ ಅಡಗಿದ್ದು ಬದುಕಿ ಉಳಿದ ಹುಡುಗ ಮುಪ್ಪಿನಲ್ಲಿ ಕೊಟ್ಟ ಸಾಕ್ಷ್ಯವೇ ನಮಗೆ ಸಾಕು. ಒಂದು ಮನೆ ಉಳಿದರೆ ಅದು ಸಣ್ಣ ಲೆಕ್ಕವೇ?

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸುಸ್ವಾಮಿ ಬೆಟ್ಟದ ಮೇಲೆ ಬೋಧಿಸಿದರು. ನಾವೋ, ದೇವಾಲಯಕ್ಕೆ ಒಂದು ಫ್ಯಾನು ಕೊಟ್ಟರೂ ಅದರ ರೆಕ್ಕೆಯ ಮೇಲೆ ಹೆಸರು ಬರೆಸುವವರು. ಬಾರ್ತಾಲಿಯವರಿಗೆ ಹೆಸರಿನ ಕೊರತೆಯಿರಲಿಲ್ಲ. ಆ ಹೆಸರನ್ನೇ ಅವರು ಮರೆಯಾಗಿ ಬಳಸಿಕೊಂಡರು; ಅದರ ನೆರಳಿನಲ್ಲಿ ಹೆಸರಿಲ್ಲದವರನ್ನು ದಾಟಿಸಿದರು.

ತಂದೆತಾಯಿಗಳೇ, ನಿಮ್ಮ ಮಗ ಸೈಕಲ್ ತುಳಿಯಲಿ, ಮಗಳು ಓಡಲಿ, ಪದಕ ತರಲಿ. ಬೆಳಗಿನ ಚಳಿಯಲ್ಲಿ ಎಬ್ಬಿಸಿ ಕಳಿಸಿ. ಸೋತು ಬಂದ ದಿನವೂ ಬಿಸಿ ರೊಟ್ಟಿ ಬಡಿಸಿ. ಎಷ್ಟನೆಯ ಸ್ಥಾನ ಬಂತೆಂದು ಕೇಳಿ. ಆದರೆ ಅದಾದ ಮೇಲೆ ಇನ್ನೊಂದು ಮಾತನ್ನೂ ಕೇಳುವುದನ್ನು ರೂಢಿ ಮಾಡಿಕೊಳ್ಳೋಣ: ದಾರಿಯಲ್ಲಿ ಬಿದ್ದವರಿದ್ದರೇ, ನೀನು ಇಳಿದು ನೋಡಿದೆಯಾ ಎಂದು. ಉತ್ತರ ಕೂಡಲೇ ಬರಲಿಕ್ಕಿಲ್ಲ. ಒಳ್ಳೆಯ ಮಕ್ಕಳು ಎಷ್ಟೋ ಸಲ ಅದನ್ನು ನಮಗೂ ಹೇಳುವುದಿಲ್ಲ.